ಬಾಲ ಇನ್ನೂ ಬರ್ತಾ ಇದೆ

ಒಂದೇ ಎಂಜಿನ್ನಿಗೆ ಎರಡೆರಡು ಟ್ರೇಲರ್ ಗಂಟು ಹಾಕಿಕೊಂಡ ‘ರೋಡ್ ಟ್ರೈನ್’ 25.25 ಮೀಟರ್ ಉದ್ದ ಇರಬಹುದು, ಆಯ್ದ ಮಾರ್ಗಗಳಲ್ಲಿ ಓಡಬಹುದು ಅಂತ 2020ರಲ್ಲೇ ದಿಲ್ಲಿಯಿಂದ ಅಪ್ಪಣೆಯಾಗಿದೆ. ಆ ಕೊನೆಯ ಕಾಲು ಮೀಟರು ನನಗೆ ಬಹಳ ಹಿಡಿಸಿತು. ನಮ್ಮೂರ ರೋಡ್ ಹಂಪ್‌ಗೆ ಅಳತೆಯೇ ಇಲ್ಲ, ಲಾರಿಗೆ ಮಾತ್ರ ದರ್ಜಿಯ ಟೇಪು.

ಆಸ್ಟ್ರೇಲಿಯಾದಲ್ಲಿ ಇಂಥವು 53.5 ಮೀಟರ್ ತನಕ ಇವೆ. ಅಲ್ಲಿ ಎದುರಿಗೆ ಸಿಗೋದು ಕಾಂಗರೂ. ಚಿತ್ರದುರ್ಗ ದಾಟಿ ದಾವಣಗೆರೆ ಕಡೆ ಬನ್ನಿ, ರಾಂಗ್ ಸೈಡಲ್ಲಿ ಟ್ರ್ಯಾಕ್ಟರ್, ಟ್ರೇಲರ್ ತುಂಬ ಮೆಕ್ಕೆಜೋಳ, ಜೋಳದ ಮೇಲೆ ನಾಲ್ಕು ಜನ. ಸುಗ್ಗಿ ಬಂತೆಂದರೆ ಸರ್ವಿಸ್ ರೋಡೇ ಕಣ. ಜೋಳ ಒಣಗುವವರೆಗೆ ರೋಡ್ ಟ್ರೈನು ಅಲ್ಲೇ ಕಾಯಬೇಕು. ಅದನ್ನು ಸ್ಟೇಷನ್ ಅಂದುಕೊಂಡರಾಯಿತು.

ಸ್ವಲ್ಪ ಲೆಕ್ಕ ಹಾಕಿ. ಒಂದು ಲೇನ್ 3.5 ಮೀಟರ್, ಆರು ಲೇನಿಗೆ 21. ನಡುವಿನ ಡಿವೈಡರಿಗೆ ನಾಲ್ಕು ಹಿಡಿಯಿರಿ, 25 ಆಯಿತು. ಈ ಮಹಾರಾಯ ಯೂ-ಟರ್ನ್ ಹೊಡೆಯುವಾಗ ಅಡ್ಡ ನಿಂತು ಕೆಟ್ಟನೋ, ಈ ಕಡೆಯ ಗಟಾರದಿಂದ ಆ ಕಡೆಯ ಗಟಾರಕ್ಕೆ ರೈಲ್ವೆ ಗೇಟು ಬಿದ್ದಂತೆ. ಮಿಕ್ಕ ಆ ಕಾಲು ಮೀಟರು ಯಾವುದೋ ಗೂಡಂಗಡಿಯ ಬಾಳೆಗೊನೆಗೆ ತಾಗಿರುತ್ತದೆ.

ಮಂಡಕ್ಕಿ ಅಂಗಡಿಯಲ್ಲಿ ಸಿಕ್ಕ ಹಳೇ ಡ್ರೈವರಣ್ಣನನ್ನು ಕೇಳಿದೆ. ದುರ್ಗದ ಗುಡ್ಡಕ್ಕೆ ಗಾಳಿ ಕರೆಂಟಿನ ಫ್ಯಾನಿನ ರೆಕ್ಕೆ ಹೊತ್ತೊಯ್ದ ಆಸಾಮಿ. ‘ರೆಕ್ಕೆ ಸಾಗಿಸೋವಾಗ ಮುಂದೊಂದು ಜೀಪು, ಹಿಂದೊಂದು ಜೀಪು, ಕರೆಂಟ್ ವೈರ್ ಎತ್ತಾಕೆ ಕೋಲು ಹಿಡ್ಕಂಡ ಹುಡುಗ್ರು. ಮದ್ವಿ ದಿಬ್ಬಣ ಇದ್ದಂಗ್ರಿ’ ಅಂದ.

‘ಎರಡು ಟ್ರೇಲರ್ ಕಟ್ಟಿದ್ರೆ ರಿವರ್ಸು?’

ಮೆಣಸಿನಕಾಯಿ ಕಚ್ಚಿದವನು ಹಾಗೇ ನಿಂತ. ‘ಒಂದ್ ಟ್ರೇಲರ್ ಆದ್ರೆ ಸ್ಟೇರಿಂಗ್ ಉಲ್ಟಾ ತಿರುವಬೇಕು. ಎರಡಾದ್ರೆ ಉಲ್ಟಾದ್ ಉಲ್ಟಾ. ಹಿಂದಿಂದು ತನಗ್ ತೋಚಿದ್ ಕಡೆ ಹೋಗ್ತತಿ. ಬಿಚ್ಚಿ ಒಂದೊಂದಾಗಿ ಹಿಂದಕ್ ತಗಿಬೇಕ್ರಿ.’

‘ಕ್ಲೀನರ್ ಇರ್ತಾನಲ್ಲ?’

‘ಇರ್ತಾನ್ರಿ. ಹಿಂದ್ ನಿಂತು ಬರ್ಲಿ ಬರ್ಲಿ ಅಂತಾನ. ನನಗೆ ಕೇಳಬೇಕಂದ್ರೆ ಫೋನ್ ಮಾಡ್ಬೇಕು. ಅವನ್ ಕರೆನ್ಸಿ ಯಾವಾಗ್ಲೂ ಖಾಲಿ.’