ಕ್ಯಾಸ್ಟ್ರೋ ಬೀದಿಯ ಪಂಚಮಿ

"ನಿಮ್ಮ ಹಬ್ಬ ಜೂನ್‌ನಲ್ಲಲ್ಲೇನೋ? ನವೆಂಬರ್‌ನಲ್ಲಿ ಏನಿದು ಸಂಭ್ರಮ?" ಅಂತ ಕಾಲೇಜಿನ ಗೆಳೆಯ ವಾಟ್ಸಾಪ್‌ನಲ್ಲಿ ಕೇಳಿದ. ನಿಮ್ಮ ಹಬ್ಬ ಅಂದರೆ ನಮ್ಮ ಗೇ ಜನರ ಪ್ರೈಡ್ ಮೆರವಣಿಗೆ. ಕೊಂಕಲ್ಲ, ಗೊತ್ತಿಲ್ಲದೇ ಕೇಳಿದ್ದು. ನಾನು ಸ್ಯಾನ್ ಫ್ರಾನ್ಸಿಸ್ಕೋದಿಂದ ಕಳಿಸಿದ ಥ್ಯಾಂಕ್ಸ್‌ಗಿವಿಂಗ್ ಊಟದ ಫೋಟೋದಲ್ಲಿ ಒಂದು ಮೇಜು, ಸುತ್ತ ಒಂಬತ್ತು ಜನ, ಟರ್ಕಿ ಕೋಳಿಯ ಪಕ್ಕದಲ್ಲಿ ಜೋಳದ ರೊಟ್ಟಿಯ ಗುಡ್ಡೆ. ಎರಡು ಸಾಲಿನಲ್ಲಿ ಉತ್ತರ ಕೊಡೋಣ ಅಂತ ಕೂತೆ. ಆಗಲಿಲ್ಲ. ಇಲ್ಲೇ ಬರೆಯುತ್ತೇನೆ.

ಥ್ಯಾಂಕ್ಸ್‌ಗಿವಿಂಗ್ ಅಂದರೇನು ಅಂತ ಊರಿನವರು ಕೇಳಿದರೆ ನಾನು ಹಡಗು, ಸುಗ್ಗಿ, ವಲಸೆ ಬಂದವರು ಅಂತ ಶಾಲೆಯ ಪಾಠ ಒಪ್ಪಿಸುವುದಿಲ್ಲ. ಅದು ಇಲ್ಲಿನ ಪಂಚಮಿ ಅನ್ನುತ್ತೇನೆ. ನಮ್ಮ ಧಾರವಾಡದ ಕಡೆ ನಾಗರಪಂಚಮಿ ಬಂತೆಂದರೆ ಹೆಣ್ಣುಮಕ್ಕಳಿಗೆ ತವರಿನ ದಾರಿಯದೇ ಧ್ಯಾನ. ಕರೆಯಲು ಅಣ್ಣ ಬರಬೇಕು, ಬಸ್ಸು ತುಂಬಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ಇಲ್ಲೂ ನವೆಂಬರ್‌ನ ನಾಲ್ಕನೇ ಗುರುವಾರಕ್ಕೆ ಇಡೀ ದೇಶ ತವರಿಗೆ ಹೊರಡುತ್ತದೆ. ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲಿಂಕನ್ 1863ರಲ್ಲಿ ಇದನ್ನು ದೇಶದ ಹಬ್ಬವೆಂದು ಸಾರಿದ, 1941ರಲ್ಲಿ ನಾಲ್ಕನೇ ಗುರುವಾರವೇ ಎಂದು ಕಾನೂನಾಯಿತು. ಈ ನೆಲದ ಮೂಲನಿವಾಸಿಗಳಿಗೆ ಮಾತ್ರ ಇದು ಬೇರೆಯೇ ದಿನ. ನಮ್ಮ ಕೊಲ್ಲಿಯ ನಡುವಿನ ಅಲ್ಕಟ್ರಾಜ್ ದ್ವೀಪವನ್ನು ಅವರು 1969ರ ನವೆಂಬರ್‌ನಲ್ಲಿ ವಶಪಡಿಸಿಕೊಂಡು ಹತ್ತೊಂಬತ್ತು ತಿಂಗಳು ಕೂತಿದ್ದರು. ಅದರ ನೆನಪಿಗೆ ಥ್ಯಾಂಕ್ಸ್‌ಗಿವಿಂಗ್ ದಿನವೇ ನಸುಕಿನಲ್ಲಿ ದೋಣಿ ಹತ್ತಿ ಹೋಗಿ, ಅಲ್ಲಿ ಬೆಂಕಿ ಹಾಕಿ ಸೂರ್ಯ ಹುಟ್ಟುವುದನ್ನು ಕಾಯುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ಚಳಿಗೆ ಹಲ್ಲು ಕಟಕಟ ಅಂದಿದ್ದು ಇನ್ನೂ ನೆನಪಿದೆ.

ಸರಿ, ಎಲ್ಲರೂ ತವರಿಗೆ ಹೋದರು. ತವರಿಗೇ ಬೇಡವಾದವರು? ಕರೆಯಲು ಯಾವ ಅಣ್ಣನೂ ಬಾರದವರು? ಆ ವಾರ ಅವರು ಎಲ್ಲಿರುತ್ತಾರೆ ಎಂದು ನೋಡಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಗೆ ಬರಬೇಕು.

ನನ್ನ ವಾದ ಇಷ್ಟೇ. ಜೂನ್‌ನ ಪ್ರೈಡ್ ನೋಡುವವರ ಹಬ್ಬ. ಕಂಪನಿಗಳ ಟ್ರಕ್ಕು, ಪುಕ್ಕಟೆ ಟೀ ಶರ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವ ಸಂಸಾರವಂದಿಗರು. ನನಗೆ ಅದರ ಮೇಲೆ ಸಿಟ್ಟಿಲ್ಲ, ನಾನೂ ಕುಣಿಯುತ್ತೇನೆ. ಆದರೆ ಗೇ ಜನರ ಒಂದು ಕೇರಿ ಯಾಕೆ ಬೇಕು ಅನ್ನುವುದು ಜೂನ್‌ನಲ್ಲಿ ತಿಳಿಯುವುದಿಲ್ಲ. "ಈಗ ಮದುವೆ ಕಾನೂನು ಬಂದು ಹತ್ತು ವರ್ಷ ಆಯ್ತಲ್ಲ, ಫೋನ್‌ನಲ್ಲೇ ಎಲ್ಲರೂ ಸಿಗುತ್ತಾರಲ್ಲ, ಇನ್ನು ನಿಮ್ಮದೇ ಬಾರು, ನಿಮ್ಮದೇ ಬೀದಿ ಯಾಕೆ?" ಅನ್ನುವ ಜಾಣರನ್ನು ಥ್ಯಾಂಕ್ಸ್‌ಗಿವಿಂಗ್ ಹಿಂದಿನ ರಾತ್ರಿ ಇಲ್ಲಿಗೆ ಕರೆದುಕೊಂಡು ಬರಬೇಕು.

ಆ ಬುಧವಾರ ರಾತ್ರಿ ಇಲ್ಲಿನ ಬಾರುಗಳು ಕಿಕ್ಕಿರಿದಿರುತ್ತವೆ. ಮರುದಿನ ಬೆಳಿಗ್ಗೆ ವಿಮಾನ ಹತ್ತುವವರದು ಒಂದು ಗುಂಪು. ಅವರು ಮೂರು ದಿನ ಅಪ್ಪನ ಎದುರು ಬೇರೆ ದನಿಯಲ್ಲಿ ಮಾತಾಡಬೇಕಲ್ಲ, ಅದಕ್ಕೆ ಮುಂಚೆ ಒಂದು ರಾತ್ರಿ ತಮ್ಮ ದನಿಯಲ್ಲೇ ನಕ್ಕು ಹೋಗುತ್ತಾರೆ. ಎಲ್ಲಿಗೂ ಹೋಗದವರದು ಇನ್ನೊಂದು ಗುಂಪು. ಮೂರನೆಯದು ನನ್ನಂಥವರದು. ಊರು ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಆ ದೂರವೇ ಒಂದು ನೆಪ.

ಮಾರ್ಕೆಟ್ ಮತ್ತು ಕ್ಯಾಸ್ಟ್ರೋ ಬೀದಿಗಳ ಮೂಲೆಯಲ್ಲಿ ಟ್ವಿನ್ ಪೀಕ್ಸ್ ಎನ್ನುವ ಬಾರಿದೆ. ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲ, ದೊಡ್ಡ ದೊಡ್ಡ ಗಾಜಿನ ಕಿಟಕಿ ಅಷ್ಟೇ. ಆ ಗಾಜೇ ಇತಿಹಾಸ. ಮೊದಲೆಲ್ಲ ಗೇ ಬಾರುಗಳಿಗೆ ಕಿಟಕಿಯೇ ಇರುತ್ತಿರಲಿಲ್ಲ, ಇದ್ದರೂ ಕಪ್ಪು ಬಳಿದಿರುತ್ತಿದ್ದರು. ಪೊಲೀಸರ ದಾಳಿ ಒಂದು ಕಡೆ, ರಸ್ತೆಯಲ್ಲಿ ಹೋಗುವ ಪರಿಚಯದವರ ಕಣ್ಣು ಇನ್ನೊಂದು ಕಡೆ. ಈ ಬಾರನ್ನು 1972ರಲ್ಲಿ ಇಬ್ಬರು ಹೆಂಗಸರು ಕೊಂಡುಕೊಂಡು, ಬೀದಿಗೆ ಕಾಣುವ ಹಾಗೆ ಗಾಜು ತೆರೆದಿಟ್ಟರು. 2013ರಲ್ಲಿ ನಗರ ಅದನ್ನು ಸ್ಮಾರಕವೆಂದು ಗುರುತಿಸಿತು. ಈಗ ಅಲ್ಲಿ ಕೂರುವವರು ಹೆಚ್ಚಾಗಿ ತಲೆ ನರೆತವರು. ಹುಡುಗರು ಅದಕ್ಕೆ ಕುಹಕದ ಅಡ್ಡಹೆಸರು ಇಟ್ಟಿದ್ದಾರೆ, ಅದನ್ನು ಬರೆಯುವುದಿಲ್ಲ. ನನಗೂ ಐವತ್ತು ದೂರವಿಲ್ಲ.

ನನ್ನ ಹಿರಿಯ ಗೆಳೆಯರೊಬ್ಬರು ಅಲ್ಲೇ ಕಿಟಕಿ ಪಕ್ಕ ಕೂರುತ್ತಾರೆ. ಎಪ್ಪತ್ತು ದಾಟಿದೆ, ಮೊಣಕಾಲು ಹಿಡಿದುಕೊಂಡಿದೆ. 2025ರ ಥ್ಯಾಂಕ್ಸ್‌ಗಿವಿಂಗ್ ನವೆಂಬರ್ 27ಕ್ಕೆ ಬಂದಿದೆ ಎಂದು ನನಗೆ ನೆನಪಿಸಿದ್ದು ಅವರೇ. 1978ರ ಅದೇ ತಾರೀಖು ಇಲ್ಲಿನ ಸಿಟಿ ಹಾಲ್‌ನಲ್ಲಿ ನಗರಸಭೆಯ ಗೇ ಸದಸ್ಯ ಹಾರ್ವೀ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನಿ ಗುಂಡಿಗೆ ಬಲಿಯಾದರು. ಕೊಂದವನು ಡ್ಯಾನ್ ವೈಟ್, ನಗರಸಭೆಯಲ್ಲಿ ಮಿಲ್ಕ್ ಜೊತೆಗೇ ಕೂತಿದ್ದವನು. ರಾಜೀನಾಮೆ ಕೊಟ್ಟು, ಆಮೇಲೆ ಕುರ್ಚಿ ವಾಪಸ್ ಬೇಕೆಂದು ಹಟ ಹಿಡಿದಿದ್ದ. ಹಬ್ಬ ಮುಗಿದ ಮೇಲಿನ ಸೋಮವಾರ ಅದು. ಜನ ಊರಿನಿಂದ ವಾಪಸ್ಸಾಗಿ ಕೆಲಸಕ್ಕೆ ಹೋಗಿದ್ದ ಬೆಳಿಗ್ಗೆ.

ಮಿಲ್ಕ್ ಈ ಬೀದಿಯ 575ನೇ ನಂಬರಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದವನು. 1977ರಲ್ಲಿ ಗೆದ್ದ, ಅಧಿಕಾರದಲ್ಲಿದ್ದದ್ದು ಹನ್ನೊಂದೇ ತಿಂಗಳು. ಸಾಯುವುದಕ್ಕೆ ಮೂರು ವಾರ ಮುಂಚೆ, ಗೇ ಶಿಕ್ಷಕರನ್ನು ಶಾಲೆಗಳಿಂದ ತೆಗೆಯಬೇಕೆಂಬ ಪ್ರಸ್ತಾಪವನ್ನು ಕ್ಯಾಲಿಫೋರ್ನಿಯಾದ ಮತದಾರರು ಸೋಲಿಸಿದ್ದರು. ಆ ಗೆಲುವಿನ ಹುರುಪು ಇನ್ನೂ ಇಳಿದಿರಲಿಲ್ಲ. ಆ ರಾತ್ರಿ ಸಾವಿರಾರು ಜನ ಇಲ್ಲಿಂದ ಸಿಟಿ ಹಾಲ್‌ವರೆಗೆ ಮೇಣದಬತ್ತಿ ಹಿಡಿದು ನಡೆದರು. "ಘೋಷಣೆಯಿಲ್ಲ, ಏನಿಲ್ಲ. ಅಷ್ಟು ಜನರ ಕಾಲಿನ ಸಪ್ಪಳ ಮಾತ್ರ" ಅನ್ನುತ್ತಾರೆ ನನ್ನ ಗೆಳೆಯರು. ಕಾಗದದ ಕಪ್ಪಿನಲ್ಲಿ ಹಿಡಿದಿದ್ದ ಬತ್ತಿಯ ಮೇಣ ಕೈಗೆ ಸುರಿದರೂ ಗೊತ್ತಾಗಲಿಲ್ಲವಂತೆ.

ಸಿಟಿ ಹಾಲಿನ ಮೆಟ್ಟಿಲ ಮೇಲೆ ಆ ರಾತ್ರಿ ಹಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋ ಗೇ ಮೆನ್ಸ್ ಕೋರಸ್. ಅವರ ತಾಲೀಮು ಶುರುವಾಗಿ ತಿಂಗಳೂ ಆಗಿರಲಿಲ್ಲ. ಮೊದಲ ಕಚೇರಿ ಎಲ್ಲಿ, ಯಾವಾಗ ಅಂತ ಯೋಚಿಸುತ್ತಿದ್ದವರಿಗೆ ಸಾವಿನ ಮೆಟ್ಟಿಲೇ ಮೊದಲ ವೇದಿಕೆಯಾಯಿತು. ಅದೇ ತಂಡ ಆಮೇಲೆ ವರ್ಷಾವರ್ಷ ಕ್ರಿಸ್‌ಮಸ್ ಹಿಂದಿನ ದಿನ ಕ್ಯಾಸ್ಟ್ರೋ ಥಿಯೇಟರ್‌ನಲ್ಲಿ ಹಾಡಿ ಜನರನ್ನು ನಗಿಸುವುದನ್ನು ರೂಢಿ ಮಾಡಿಕೊಂಡಿತು. ಥ್ಯಾಂಕ್ಸ್‌ಗಿವಿಂಗ್ ಬಂತೆಂದರೆ ಅದರ ಟಿಕೆಟ್ಟಿನದೇ ಮಾತು. ಥಿಯೇಟರ್ ಮಾತ್ರ 2024ರ ಫೆಬ್ರವರಿಯಿಂದ ಎರಡು ವರ್ಷ ಮುಚ್ಚಿತ್ತು. 1922ರ ಕಟ್ಟಡ. ಒಳಗಿನ ಕುರ್ಚಿಗಳನ್ನು ಕಿತ್ತು ಸಂಗೀತ ಕಾರ್ಯಕ್ರಮಕ್ಕೆ ಅನುಕೂಲ ಮಾಡುತ್ತೇವೆ ಎಂದು ಹೊಸ ನಿರ್ವಾಹಕರು, ಕುರ್ಚಿ ಮುಟ್ಟಬೇಡಿ ಎಂದು ಊರವರು, ದೊಡ್ಡ ಜಗಳವಾಯಿತು. ನಾನು ಕುರ್ಚಿಯ ಪಕ್ಷ. ಸಿನಿಮಾಕ್ಕೆ ಮೊದಲು ಒಬ್ಬರು ಆರ್ಗನ್ ನುಡಿಸುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು, ಪಕ್ಕದಲ್ಲಿ ಕೂತವನ ಕೈ ಹಿಡಿಯಲು ಕತ್ತಲೆಯಾಗುವವರೆಗೆ ಕಾಯಬೇಕಿರಲಿಲ್ಲ. ಹುಬ್ಬಳ್ಳಿಯ ಟಾಕೀಜಿನಲ್ಲಿ ಬೆಳೆದವನಿಗೆ ಅದು ಸಣ್ಣ ಮಾತಲ್ಲ. 2026ರ ಫೆಬ್ರವರಿಯಲ್ಲಿ ಮತ್ತೆ ಬಾಗಿಲು ತೆರೆದರು. ಹೋಗುತ್ತೇನೆ, ಬೈಯುತ್ತಲೇ ಹೋಗುತ್ತೇನೆ.

ಇನ್ನೊಂದು ನವೆಂಬರ್ 27. ಇಸವಿ 1985, ಅದೂ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ. ಆಗ ಈ ಊರಿನಲ್ಲಿ ಏಡ್ಸ್‌ನಿಂದ ಸತ್ತವರ ಲೆಕ್ಕ ಸಾವಿರಕ್ಕೆ ಬಂದಿತ್ತು. ಮಿಲ್ಕ್ ನೆನಪಿನ ಮೆರವಣಿಗೆಗೆ ಬಂದವರಿಗೆ ಹೋರಾಟಗಾರ ಕ್ಲೀವ್ ಜೋನ್ಸ್ ರಟ್ಟು ಕೊಟ್ಟು, ಸತ್ತ ನಿಮ್ಮವರ ಹೆಸರು ಬರೆಯಿರಿ ಎಂದರು. ಕೊನೆಗೆ ಆ ರಟ್ಟುಗಳನ್ನು ಏಣಿ ಹಾಕಿ ಫೆಡರಲ್ ಕಟ್ಟಡದ ಗೋಡೆಗೆ ಅಂಟಿಸಿದರು. ದೂರ ನಿಂತು ನೋಡಿದರೆ ತೇಪೆ ತೇಪೆ ಸೇರಿಸಿದ ಒಂದು ಕೌದಿಯ ಹಾಗೆ ಕಂಡಿತಂತೆ. ಅಲ್ಲಿಂದ ಹುಟ್ಟಿದ್ದು ಏಡ್ಸ್ ಸ್ಮಾರಕದ ಕೌದಿ. ಒಂದೊಂದು ತುಂಡು ಮೂರು ಅಡಿ ಅಗಲ, ಆರು ಅಡಿ ಉದ್ದ, ಒಂದು ಗೋರಿಯಷ್ಟು. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000.

ಇಂಗ್ಲಿಷಿನವರು ಅದನ್ನು ಕ್ವಿಲ್ಟ್ ಅನ್ನುತ್ತಾರೆ. ಕೌದಿ ಹೊದ್ದು ಬೆಳೆದ ನಮಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಸೀರೆ, ಧೋತರ, ಹರಿದ ಕುಬಸ, ಎಲ್ಲ ಸೇರಿಸಿ ನಮ್ಮ ಆಯಿ ಹೊಲಿಯುತ್ತಿದ್ದಳು. ರಾತ್ರಿ ಮಲಗುವಾಗ ಬೆರಳಿಟ್ಟು "ಇದು ನಿಮ್ಮಜ್ಜಂದು, ಇದು ಹೋದ ನಿಮ್ಮ ಸಣ್ಣತ್ತಿದು" ಅಂತ ಹೇಳುತ್ತಿದ್ದಳು. ಸತ್ತವರನ್ನು ಹೊದ್ದುಕೊಂಡೇ ನಾವು ಬೆಚ್ಚಗಿದ್ದೆವು.

ಈ ವಾರದ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಟ್ರಾನ್ಸ್ ಮಹಿಳೆ ರೀಟಾ ಹೆಸ್ಟರ್ ಬಾಸ್ಟನ್ನಿನಲ್ಲಿ ಕೊಲೆಯಾದದ್ದು 1998ರ ನವೆಂಬರ್ 28, ಹಬ್ಬದ ವಾರದಲ್ಲೇ. ಕೊಲೊರಾಡೋದ ಗೇ ಬಾರು ಕ್ಲಬ್ ಕ್ಯೂನಲ್ಲಿ ಐವರನ್ನು ಗುಂಡಿಟ್ಟು ಕೊಂದದ್ದು 2022ರಲ್ಲಿ, ಹಬ್ಬಕ್ಕೆ ಐದು ದಿನ ಮುಂಚೆ. ಡಿಸೆಂಬರ್ 1 ಏಡ್ಸ್ ದಿನ. ನಮ್ಮಲ್ಲಿ ಪಿತೃಪಕ್ಷ ಮುಗಿದ ಮೇಲೆ ಹಬ್ಬ. ಇಲ್ಲಿ ಎರಡೂ ಒಂದರೊಳಗೊಂದು ಕಲಸಿಹೋಗಿವೆ. ಅಂದಹಾಗೆ, ನೌಕಾಪಡೆಯ ಹಡಗೊಂದಕ್ಕೆ ಹಾರ್ವೀ ಮಿಲ್ಕ್ ಹೆಸರಿತ್ತು. ಗೇ ಎಂದು ಅದೇ ನೌಕಾಪಡೆ ಬಿಡಬೇಕಾಗಿ ಬಂದಿದ್ದವನ ಹೆಸರು. 2025ರಲ್ಲಿ ಅದನ್ನೂ ಅಳಿಸಿದರು, ಜೂನ್ ತಿಂಗಳಲ್ಲೇ. ಈಗ ಹೇಳಿ, ಜೂನ್ ಯಾರ ಹಬ್ಬ?

ನಮ್ಮವರ ಕಥೆಯೂ ಇಲ್ಲಿದೆ. ದಕ್ಷಿಣ ಏಷ್ಯಾದ ಗೇ ಜನರಿಗೆಂದು ಟ್ರೈಕೋನ್ ಎಂಬ ಸಂಘಟನೆಯನ್ನು ಅರವಿಂದ್ ಕುಮಾರ್ ಮತ್ತು ಸುವೀರ್ ದಾಸ್ ಈ ಕೊಲ್ಲಿ ಪ್ರದೇಶದಲ್ಲೇ 1986ರಲ್ಲಿ ಕಟ್ಟಿದರು. ನಮ್ಮ ಭಾಷೆಯ ಸಂಘಗಳ ಮಾತು ಬೇರೆ. ಬಂದ ಹೊಸತರಲ್ಲಿ ಒಂದು ಸಂಘದ ರಾಜ್ಯೋತ್ಸವಕ್ಕೆ ಹೆಸರು ಕೊಡಲು ಹೋದೆ. ಫಾರಮ್ಮಿನಲ್ಲಿ "ಒಂಟಿ" ಅಥವಾ "ಗಂಡ-ಹೆಂಡತಿ-ಮಕ್ಕಳು", ಎರಡೇ ಖಾನೆ. ನಾನೂ ನನ್ನ ಸಂಗಾತಿಯೂ ಒಂಟಿ ಎಂದು ಎರಡು ಟಿಕೆಟ್ ಕೊಂಡು, ಬೇರೆ ಬೇರೆ ಸಾಲಿನಲ್ಲಿ ಕೂತು ನಾಡಗೀತೆ ಹಾಡಿ ಬಂದೆವು. ಹೋಳಿಗೆ ಚೆನ್ನಾಗಿತ್ತು. ಮತ್ತೆ ಹೋಗಲಿಲ್ಲ. ಬೆಂಗಳೂರಿನ ನಮ್ಮ ಪ್ರೈಡ್ 2022ರಲ್ಲಿ ನವೆಂಬರ್ 27ಕ್ಕೇ ನಡೆದಾಗ ಇಲ್ಲಿ ಶನಿವಾರ ರಾತ್ರಿ ಕೂತು ಗೆಳೆಯರು ಕಳಿಸಿದ ವಿಡಿಯೋ ನೋಡಿದೆ. ತಮಟೆ ಸದ್ದಿಗೆ ಕಾಲು ನಿಲ್ಲಲಿಲ್ಲ. ಅಲ್ಲಿ ನವೆಂಬರ್ ತಿಂಗಳಲ್ಲಿ ಕನ್ನಡ ಬಾವುಟವೂ ಕಾಮನಬಿಲ್ಲಿನ ಬಾವುಟವೂ ಒಂದೇ ಗಾಳಿಗೆ ಹಾರುತ್ತವೆ. ಈ ಭಾಗ್ಯ ಕ್ಯಾಸ್ಟ್ರೋಗೂ ಇಲ್ಲ.

ಇನ್ನು ನಮ್ಮನೆಯ ಮೇಜು. ನಮ್ಮನಿಯವ (ಹೌದು, ಹಾಗೇ ಕರೆಯುವುದು, ಅವನಿಗೂ ಈಗ ಅದರ ಅರ್ಥ ಗೊತ್ತು) ಟರ್ಕಿ ಬೇಯಿಸುತ್ತಾನೆ. ನಾಲ್ಕು ತಾಸು ಒಲೆಯಲ್ಲಿಟ್ಟರೂ ಬೆಂಡಿನ ಹಾಗೇ ಇರುವ ಆ ಹಕ್ಕಿಯ ಮೇಲೆ ಈ ದೇಶಕ್ಕೆ ಯಾಕಿಷ್ಟು ಮೋಹವೋ. ನಾನು ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡುತ್ತೇನೆ. ಕ್ರ್ಯಾನ್‌ಬೆರಿ ಹಣ್ಣಿಗೆ ಬೆಲ್ಲ, ಖಾರ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರೆ ನೆಲ್ಲಿಕಾಯಿ ತೊಕ್ಕಿನ ತಂಗಿ. ಕುಂಬಳಕಾಯಿ ಪೈ ಬದಲು ಕುಂಬಳಕಾಯಿ ಗಾರಿಗೆ ಕರಿಯುತ್ತೇನೆ. ಮೊದಲ ವರ್ಷ ಅನುಮಾನದಿಂದ ನೋಡಿದವರು ಈಗ ಅಕ್ಟೋಬರ್‌ನಲ್ಲೇ ಕೇಳುತ್ತಾರೆ. ಒಂಬತ್ತು ಜನರಲ್ಲಿ ನಾಲ್ವರಿಗೆ ಮನೆಯಿಂದ ಕರೆ ಬಂದಿರಲಿಲ್ಲ, ಇಬ್ಬರಿಗೆ ಬಂದಿತ್ತು, ಆದರೆ "ಅವನನ್ನು ಬಿಟ್ಟು ಬಾ" ಅನ್ನುವ ಕರೆ. ಇದಕ್ಕೆ "ನಾವೇ ಆರಿಸಿಕೊಂಡ ಕುಟುಂಬ" ಅಂತ ಚೆಂದದ ಮಾತೊಂದು ಚಾಲ್ತಿಯಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಇವರಲ್ಲಿ ಒಬ್ಬ ಊಟದ ಮಧ್ಯೆ ರಾಜಕೀಯ ತೆಗೆದು ತಲೆ ತಿನ್ನುತ್ತಾನೆ, ಇನ್ನೊಬ್ಬ ಪಾತ್ರೆ ತೊಳೆಯುವ ಹೊತ್ತಿಗೆ ಮಾಯ. ಆರಿಸಿಕೊಳ್ಳುವುದಾಗಿದ್ದರೆ ಇವರನ್ನೇ ಯಾಕೆ ಆರಿಸುತ್ತಿದ್ದೆ? ಸಂತೆಯಲ್ಲಿ ಮಳೆ ಬಂದಾಗ ಒಂದೇ ಮಾಡಿನ ಕೆಳಗೆ ನಿಂತವರು ನಾವು. ಮಳೆ ಇನ್ನೂ ನಿಂತಿಲ್ಲ.

ಸಂಜೆ 575ನೇ ನಂಬರಿನ ಮುಂದೆ ಹೋಗಿ ಬತ್ತಿ ಹಚ್ಚಿದೆವು. ಗಾಳಿಗೆ ಎರಡು ಸಲ ಆರಿತು. ವಾಪಸ್ ಬಂದಾಗ ಹಿರಿಯರಿಗೆ ಚಳಿ ಹತ್ತಿತ್ತು, ಆಯಿಯ ಕೌದಿ ತಂದು ಹೊದಿಸಿದೆ. ಅವರು 1988ರಲ್ಲಿ ತಮ್ಮ ಸಂಗಾತಿಗೆಂದು ಆ ದೊಡ್ಡ ಕೌದಿಯ ಒಂದು ತುಂಡು ಮಾಡಿದವರು. ಹೊಲಿಗೆ ಬಾರದ್ದಕ್ಕೆ ಅಕ್ಷರಗಳನ್ನು ಅಂಟಿನಿಂದ ಹಚ್ಚಿದ್ದರಂತೆ. ಈಗ ಕನ್ನಡಕ ಏರಿಸಿ, ಒಂದೊಂದು ತೇಪೆಯ ಮೇಲೂ ಬೆರಳಿಟ್ಟು ಇದು ಯಾರದು, ಇದು ಯಾರದು ಅಂತ ಕೇಳತೊಡಗಿದರು. ನನಗೆ ನೆನಪಿದ್ದಷ್ಟು ಹೇಳಿದೆ.

ಅಷ್ಟರಲ್ಲಿ ಅವ್ವನ ಫೋನು, ವಿಡಿಯೋದಲ್ಲಿ. ಅಲ್ಲಿ ಶುಕ್ರವಾರ ಬೆಳಿಗ್ಗೆ, ಕೈಯಲ್ಲಿ ಚಹಾ. ಅವ್ವನಿಗೆ ನನ್ನ ವಿಷಯ ಹೇಳಿ ಒಂಬತ್ತು ವರ್ಷವಾಯಿತು. ಅಂದು ಒಮ್ಮೆ ಅತ್ತಳು. ಆಮೇಲೆ ಆ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

"ಯಾರಲೇ ಅವರು, ನಮ್ಮ ಕೌದಿ ಹೊತಗೊಂಡವರು?"

"ಗೆಳ್ಯಾರು, ಅವ್ವಾ. ತುಂಡು ಯಾರ್ಯಾರ್ದು ಅಂತ ಕೇಳಾಕತ್ತಾರ. ಆ ಹಸರಂದು ಸಣ್ಣತ್ತಿ ಸೀರಿ ಅಂತ ಹೇಳಿದೆ."

"ಏ, ಅದು ಆಕಿದಲ್ಲಪಾ, ನಂದು. ನೀ ಹುಟ್ಟಿದ ವರ್ಷ ಪಂಚಮಿಗೆ ನಮ್ಮಣ್ಣ ತಂದಿದ್ದು. ಸುಳ್ಳ ಹೇಳಬ್ಯಾಡ, ಅವರಿಗೆ ಸರಿಯಾಗಿ ಹೇಳು."

ಹೇಳಿದೆ. ಅವರು ಆ ಹಸಿರು ತುಂಡನ್ನು ಫೋನಿನ ಕಡೆ ಹಿಡಿದು ತೋರಿಸಿದರು. ಅವ್ವ ಕನ್ನಡಕ ಹುಡುಕಲು ಎದ್ದು ಹೋದಳು.