ಎಪೋಖೆ ಎಂದರೆ ಅಲ್ಲಗಳೆಯುವುದಲ್ಲ

ಸಾಮಾಜಿಕ ವಾಸ್ತವ ಬರೀ ಮನಸ್ಸಿನ ಕಲ್ಪನೆ, ಜರ್ಮನ್ ತತ್ತ್ವಜ್ಞಾನಿ ಹುಸರ್ಲ್ ಹೇಳಿದ್ದೂ ಅದನ್ನೇ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಇದು ತಪ್ಪು. ಹುಸರ್ಲ್ 1913ರಲ್ಲಿ ವಿವರಿಸಿದ ಎಪೋಖೆ ಜಗತ್ತನ್ನು ಇಲ್ಲ ಎನ್ನುವುದಿಲ್ಲ. 'ಅದು ಇದ್ದೇ ಇದೆ' ಎಂಬ ನಂಬಿಕೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ವಸ್ತು ನಮಗೆ ಹೇಗೆ ಗೋಚರಿಸುತ್ತದೆ ಎಂದು ನೋಡುತ್ತದೆ, ಅಷ್ಟೇ.

ಕೊಡಗಿನ ನಮ್ಮ ಸುಗ್ಗಿ ಹಬ್ಬ ಪುತ್ತರಿಯನ್ನೇ ನೋಡಿ. ಕಕ್ಕಬ್ಬೆಯ ಇಗ್ಗುತಪ್ಪ ದೇವರ ಸನ್ನಿಧಿಯಲ್ಲಿ ಗೊತ್ತುಮಾಡಿದ ಹೊತ್ತಿಗೆ ಗದ್ದೆಯಲ್ಲಿ ಗುಂಡು ಹಾರುತ್ತದೆ, ಕುಡುಗೋಲು ತೆನೆಗೆ ತಾಗುತ್ತದೆ, 'ಪೊಲಿ ಪೊಲಿ ದೇವಾ' (ಹೆಚ್ಚಲಿ ದೇವರೇ) ಎಂಬ ಕೂಗು ಏಳುತ್ತದೆ. ನಿನ್ನೆ ಬರೀ ಬೆಳೆಯಾಗಿದ್ದ ಭತ್ತ ಈಗ ಕದಿರು, ಅಂದರೆ ಪೂಜ್ಯವಾದ ಹೊಸ ತೆನೆ. ಕಾಳಿನಲ್ಲಿ ಏನೂ ಬದಲಾಗಿಲ್ಲ, ನಿಜ. ಆದರೆ ಒಬ್ಬನೇ ಕೂತು ಎಷ್ಟು ಕಲ್ಪಿಸಿಕೊಂಡರೂ ಪುತ್ತರಿ ಆಗದು. ಅರ್ಥ ಇರುವುದು ನಮ್ಮ ನಡುವೆ. ಕಲ್ಪನೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಹುಸರ್ಲ್‌ನ ವಿಚಾರಗಳನ್ನು ಸಮಾಜಶಾಸ್ತ್ರಕ್ಕೆ ತಂದ ಆಲ್ಫ್ರೆಡ್ ಶುಟ್ಸ್ 1932ರಲ್ಲಿ ನಮ್ಮ ಸಾಮಾಜಿಕ ಜಗತ್ತಿನವರನ್ನು ವಿಂಗಡಿಸಿದ್ದು ಇಲ್ಲಿ ಬಹಳ ಉಪಯುಕ್ತ: ಎದುರಿಗಿರುವವರು, ಸಮಕಾಲೀನರು, ಪೂರ್ವಜರು, ಮುಂದೆ ಬರುವವರು. ಪೂರ್ವಜರ ಸಾಲಿಗೆ ಸೇರುವ, ಐನ್‌ಮನೆಯ (ಕುಲದ ಮೂಲಮನೆಯ) ಗುರುಕಾರಣ, ಅಂದರೆ ಕುಲದ ಮೂಲಪುರುಷ, ನಮ್ಮ ನಡೆಯನ್ನು ತಿದ್ದಬಲ್ಲ, ಅವನ ನಡೆಯನ್ನು ನಾವು ತಿದ್ದಲಾರೆವು.

ಕ್ಷೇತ್ರಕಾರ್ಯದಲ್ಲಿ, ಅಂದರೆ ಜನರ ನಡುವೆ ಹೋಗಿ ಅಧ್ಯಯನ ಮಾಡುವಾಗ, ಎಡವುವುದು ಶುಟ್ಸ್‌ನ ಇನ್ನೊಂದು ವಿಂಗಡಣೆಯನ್ನು, ಉದ್ದೇಶ ಬೇರೆ ಕಾರಣ ಬೇರೆ ಎಂಬುದನ್ನು, ಮರೆತಾಗ. 'ಯಾಕೆ ಕದಿರು ಕೊಯ್ದಿರಿ?' ಎಂದರೆ 'ಮನೆ ತುಂಬಲಿ ಅಂತ' ಎನ್ನುತ್ತಾರೆ. ಅದು ಮುಂದಿನ ಉದ್ದೇಶ. ಹಿಂದಿನಿಂದ ತಳ್ಳಿದ ಕಾರಣ ಬೇರೆ, ಅದು ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡಿದಾಗಲಷ್ಟೇ ಮಾಡಿದವರಿಗೂ ಕಾಣುವುದು. ಹಾಗಾಗಿ ಮೊದಲು 'ಏನಾಗಲಿ ಅಂತ?' ಎಂದು ಕೇಳಿ, ಕೆಲವು ದಿನ ಬಿಟ್ಟು 'ಇದು ನಿಮಗೆ ಹೇಗೆ ರೂಢಿಯಾಯಿತು?' ಎಂದು ಕೇಳಬೇಕು.