ಕರಡಿಗೆ ಬೆಲ್ಲ, ಕಲಾವಿದರಿಗೆ ಸಮಿತಿ

ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟ್ ಮತ್ತೆ ಪೇಪರಿಗೆ ಬಂತು. ರಷ್ಯಾದ ಚಿತ್ರಕಾರ ರೋರಿಕ್, ಅವರ ಹೆಂಡತಿ ಚಿತ್ರನಟಿ ದೇವಿಕಾ ರಾಣಿ ಇದ್ದ ಮನೆ ಮ್ಯೂಸಿಯಂ ಆಗುತ್ತದಂತೆ. ಸುತ್ತಲಿನ ಕಾಡು ಕಾಡಾಗಿಯೇ ಉಳಿಯುತ್ತದಂತೆ. ಈ ‘ಅಂತೆ’ಗೆ ಮದುವೆ ವಯಸ್ಸು ದಾಟಿ ಹೋಯಿತು. ರೋರಿಕ್ ತೀರಿಕೊಂಡಿದ್ದು 1993ರಲ್ಲಿ, ಮರುವರ್ಷ ದೇವಿಕಾ ರಾಣಿ. ಎಸ್ಟೇಟ್ ವಶಕ್ಕೆ ಕಾನೂನು ಬಂದಿದ್ದು 1996ರಲ್ಲಿ. ಅದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2011. ಅಷ್ಟೂ ವರ್ಷ ಆ 468 ಎಕರೆಯನ್ನು ನಿಯತ್ತಾಗಿ ಬಳಸಿದ್ದು ಬನ್ನೇರುಘಟ್ಟದ ಕಡೆಯಿಂದ ಬರುವ ಆನೆಗಳು. ಅವು ಟೆಂಡರ್ ಕರೆಯಲಿಲ್ಲ, ನೋಡಿ.

ಬಳ್ಳಾರಿಯಲ್ಲಿ ಕೂತು ಒಗ್ಗರಣೆ-ಮಿರ್ಚಿ ತಿನ್ನುವವನಿಗೆ ಬೆಂಗಳೂರಿನ ಎಸ್ಟೇಟಿನ ಉಸಾಬರಿ ಯಾಕೆ ಅಂತೀರಾ? ಹೊಟ್ಟೆಕಿಚ್ಚು ಸ್ವಾಮಿ. ಮನೆಯನ್ನು ವನ್ಯಧಾಮ ಮಾಡೋದರಲ್ಲಿ ನಾವೇನು ಕಡಿಮೆ? ನಮಗೆ ಸಮಿತಿಯೂ ಬೇಡ. ಹಳೇ ಮನೆಗೆ ಬೀಗ ಜಡಿದು ಎರಡು ಮಳೆಗಾಲ ಸುಮ್ನೆ ಇದ್ದರಾಯಿತು. ಅಂಗಳದಲ್ಲಿ ಜಾಲಿ, ಮಾಳಿಗೆಯ ತೊಲೆಗೆ ಬಾವಲಿ, ಪಡಸಾಲೆಯಲ್ಲಿ ಹಾವು.

ಜಾಲಿ ಎಂದಾಗ ನೆನಪಾಯಿತು. ಅಮೆರಿಕ ಖಂಡದಿಂದ ಬಂದ ಆ ಮುಳ್ಳಿಗೆ ಕನ್ನಡದಲ್ಲಿ ಬಳ್ಳಾರಿ ಜಾಲಿ ಎಂದೇ ಹೆಸರು. ರಂಗನಟ ಬಳ್ಳಾರಿ ರಾಘವರು ವಕೀಲಿಕೆಯ ಜೊತೆಗೇ ಬಣ್ಣ ಹಚ್ಚಿ, ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿ ಊರಿನ ಹೆಸರು ಹೊತ್ತು ತಿರುಗಿದರು. ಜಾಲಿ ಕೆರೆ ದಂಡೆಯಲ್ಲಿ ನಿಂತಲ್ಲೇ ನಿಂತು ಅವರಿಗಿಂತ ಜಾಸ್ತಿ ಹಳ್ಳಿಗಳಿಗೆ ಆ ಹೆಸರು ಮುಟ್ಟಿಸಿತು. ಕಡಿದಷ್ಟೂ ಚಿಗುರುತ್ತದೆ. ಅನುದಾನವನ್ನೂ ಕೇಳಲ್ಲ.

ಇನ್ನು ನಮ್ಮ ದರೋಜಿ. 1994ರಲ್ಲಿ ಕರಡಿಧಾಮವಾಯಿತು. ಬಂಡೆಗೆ ಬೆಲ್ಲದ ಪಾಕ ಸವರಿ, ಕರಡಿ ಬಂದು ನೆಕ್ಕುವುದನ್ನು ಗೋಪುರದ ಮೇಲಿಂದ ತೋರಿಸಿದ ಊರು. ಕರಡಿ ಮೇಲೆ ನನ್ನ ತಕರಾರೇನಿಲ್ಲ. ಆದರೆ ಬುರ್ರಕಥೆಯ ಈರಮ್ಮನೂ ಅದೇ ದರೋಜಿಯವರು. ಕುಮಾರರಾಮನಂಥ ಉದ್ದುದ್ದ ಕಥೆಗಳನ್ನು ಪುಸ್ತಕವಿಲ್ಲದೆ ಹಾಡಿದವರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತ್ತು.

ಬೆಂಗಳೂರಿಂದ ಬಂದಿದ್ದ ನೆಂಟರ ಹುಡುಗನಿಗೆ ದರೋಜಿಗೆ ಹೋಗೋಣ ಅಂದೆ. "ಮಾವ, ಕರಡಿ ಕಾಣ್ತವಾ?" ಅಂದ. ಈರಮ್ಮನ ಕಥೆಯೆಲ್ಲ ಹೇಳಿದೆ. ಕಣ್ಣರಳಿಸಿ ಕೇಳಿದ. ಆಮೇಲೆ, "ಅವರು ಎಷ್ಟು ಗಂಟೆಗೆ ಬರ್ತಾರೆ?"

2014ರಲ್ಲೇ ಹೋದರಪ್ಪಾ ಅಂದೆ.

ಹುಡುಗನದೇನು ತಪ್ಪು? ನಮ್ಮ ಓಣಿಯಲ್ಲೊಬ್ಬ ಅಜ್ಜ ಇದ್ದಾರೆ, ಒಂದು ಕಾಲಕ್ಕೆ ಬಯಲಾಟದಲ್ಲಿ ಭೀಮ. ಮಾಸಾಶನ ನಿಂತುಹೋಯಿತೆಂದು ಅವರನ್ನು ಬೈಕ್ ಮೇಲೆ ಕೂರಿಸಿಕೊಂಡು ಮೂರು ಸಲ ಕಚೇರಿಗೆ ಹೋಗಿದ್ದೇನೆ. ಬದುಕಿದ್ದೇನೆ ಎಂದು ಕಾಗದ ಕೊಡಬೇಕು. ಎದುರಿಗೆ ನಿಂತಿದ್ದಾರೆ, ಉಸಿರಾಡುತ್ತಿದ್ದಾರೆ, ಆದರೂ ಕಾಗದ ಬೇಕು. ಮೂರು ಸಲವೂ ಯಾರೂ ಕುರ್ಚಿ ಎಳೆದು ಕೂತ್ಕೊಳ್ಳಿ ಅನ್ನಲಿಲ್ಲ. ನಾಳೆ ಇವರ ಕಿರೀಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಟ್ಟಬೇಡಿ ಎಂದು ಬೋರ್ಡ್ ಹಾಕುತ್ತಾರೆ. ಸಾಕಾಗಿದೆ ನನಗೆ. ತಮಾಷೆ ಮಾಡೋಕೂ ಬೇಜಾರು.

ಅಜ್ಜನ ಹಿತ್ತಲಿಗೆ ಆಗಲೇ ಜಾಲಿ ನುಗ್ಗಿದೆ. ಕಡಿಸಲಾ ಅಂತ ಕೇಳಿದೆ.

"ಇರಲಿ ಬಿಡಪ್ಪಾ, ಒಲೆಗೆ ಆಗ್ತದೆ" ಅಂದರು.